ಎರಡು ಸೇರಿಸಿ ಬರೆದುಕೊ

ಹದಿನೈದು ಮೆಟ್ಟಿಲು ಕೆಳಗೆ, ಅಂಗಡಿಯ ಮೇಜಿನ ಹಿಂದೆ ಮುಖ ಊದಿಸಿಕೊಂಡು ಕೂತಿರುವ ಅಕ್ಕನಿಗೆ,

ಅಕ್ಷರ ಸೊಟ್ಟಗಿದೆ ಎಂದು ಗೊಣಗಬೇಡ. ಪೆನ್ನು ಕೈಯಲ್ಲಿ ಇದೆಯೋ ಜಾರಿತೋ ಎಂಬುದನ್ನು ಈಗ ನಾನು ಕಣ್ಣಿನಿಂದ ನೋಡಿಯೇ ತಿಳಿದುಕೊಳ್ಳಬೇಕು. ನಾಲ್ಕು ಸಾಲು ಬರೆಯುತ್ತೇನೆ, ಕೈ ಕೊಡವುತ್ತೇನೆ, ಮತ್ತೆ ನಾಲ್ಕು ಸಾಲು. ಬೆಳಿಗ್ಗೆಯಿಂದ ಇದೇ ಆಗಿದೆ. ಮೇಲಿನಿಂದಲೇ ಕೂಗಿ ಹೇಳಿಬಿಡಬಹುದಿತ್ತು. ಆದರೆ ಕೂಗಿದರೆ ಗಿರಾಕಿಗಳಿಗೆ ಕೇಳುತ್ತದೆ, ಗಿರಾಕಿಗಳಿಗೆ ಕೇಳುತ್ತದೆ ಎಂದಾದರೆ ನನ್ನ ಬಾಯಿಂದ ನಿಜ ಹೊರಡುವುದೇ ಇಲ್ಲ. ನಮ್ಮಿಬ್ಬರ ಹಳೇ ರೋಗ ಅದು, ನನ್ನ ಎಡ ಎದೆಯ ಕ್ಯಾನ್ಸರಿಗಿಂತ ಎಷ್ಟೋ ಹಳೆಯದು.

ನಾವು ಮಾತು ಬಿಟ್ಟು ಒಂಬತ್ತು ದಿನವಾಯಿತು. ಊಟದ ತಟ್ಟೆಯನ್ನು ಏಳನೇ ಮೆಟ್ಟಿಲ ಮೇಲಿಟ್ಟು, ಒಮ್ಮೆ ಕೆಮ್ಮಿ, ಇಳಿದು ಹೋಗುತ್ತೀಯ. ಹದಿನೈದು ಮೆಟ್ಟಿಲಿಗೆ ನಡು ಯಾವುದು ಎಂದು ಲೆಕ್ಕ ಹಾಕಿದ್ದೇನೆ, ಎಂಟನೆಯದು. ಕೋಪದಲ್ಲಿ ನೀನು ನಡುವಿಗಿಂತ ಒಂದು ಮೆಟ್ಟಿಲು ಕಡಿಮೆಯೇ ಹತ್ತುತ್ತೀಯ. ನಾನೂ ಏನು ಕಡಿಮೆಯವಳಲ್ಲ, ನೀನು ಇಳಿದು ಹೋದ ಸದ್ದು ಕೇಳುವವರೆಗೂ ಬಾಗಿಲ ಹಿಂದೆ ನಿಂತಿರುತ್ತೇನೆ. ಇಬ್ಬರಿಗೂ ಐವತ್ತು ದಾಟಿದೆ, ನಾಚಿಕೆಯಾಗಬೇಕು ನಮಗೆ.

ನಾಳೆ ಹತ್ತು ಗಂಟೆಗೆ ಆಸ್ಪತ್ರೆ. ಉಳಿದ ಐದು ವಾರದ ಔಷಧಿ ಹೇಗೆ, ಎಷ್ಟು ಎಂದು ಡಾಕ್ಟರು ನಾಳೆ ಹೇಳುತ್ತಾರೆ. ಹೋಗುವುದೇ ಬೇಡ ಎಂದು ನಾನು ನಿನ್ನೆ ತೀರ್ಮಾನ ಮಾಡಿಬಿಟ್ಟಿದ್ದೆ. ಹೌದು, ಪೂರ್ತಿ ನಿಲ್ಲಿಸಿಬಿಡುವುದು ಎಂದು. ಓದಿ ಎದೆ ಒಡೆದುಕೊಂಡು ಮೇಲೆ ಓಡಿ ಬರಬೇಡ. ಪೂರ್ತಿ ಓದು ಮೊದಲು. ನಿನಗೆ ಯಾವುದನ್ನೂ ಪೂರ್ತಿ ಓದುವ ಅಭ್ಯಾಸವಿಲ್ಲ.

ಆ ಮಂಗಳವಾರ ನಾನು ನಿನ್ನ ಮೇಲೆ ಎಲ್ಲರೆದುರು ಹರಿಹಾಯ್ದದ್ದು ತಪ್ಪು. ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆದರೆ ಹರಿಹಾಯಲು ಕಾರಣವಿರಲಿಲ್ಲ ಎಂದು ಮಾತ್ರ ಹೇಳಲಾರೆ. ಒಂದು ಸಲ ನನ್ನ ಜಾಗದಲ್ಲಿ ಕೂತು ನೋಡು. ಪರೀಕ್ಷೆ ಮುಗಿಯಿತು, ಅಂಗಿ ಹಾಕಿಕೊಳ್ಳಿ ಎಂದರು. ಆಸ್ಪತ್ರೆಗೆಂದೇ ನಾನು ಹೊಲಿದುಕೊಂಡ ಅಂಗಿ ಅದು, ಮುಂದೆ ಆರು ಗುಂಡಿ, ಆರೂ ಕಾಜ ನನ್ನ ಕೈಯವೇ. ಮೂವತ್ತೊಂದು ವರ್ಷದಿಂದ ಈ ಊರಿನ ಅರ್ಧ ಜನರ ಗುಂಡಿ ಹಾಕಿದವಳಿಗೆ ತನ್ನ ಅಂಗಿಯ ಒಂದು ಗುಂಡಿ ಕಾಜದೊಳಗೆ ತೂರಲಿಲ್ಲ. ಗುಂಡಿ ಬೆರಳಲ್ಲಿದೆ ಎಂದುಕೊಂಡಿದ್ದೆ, ನೋಡಿದರೆ ಬರೀ ಬಟ್ಟೆ ಹಿಡಿದುಕೊಂಡು ತಿರುವುತ್ತಿದ್ದೆ. ಕೊನೆಗೆ ನರ್ಸು ಬಂದು, ಮಗುವಿಗೆ ಹಾಕಿದ ಹಾಗೆ, ಆರನ್ನೂ ಹಾಕಿದಳು.

ಡಾಕ್ಟರು ನೋಡುತ್ತಲೇ ಇದ್ದರು. "ಇದು ಯಾವಾಗಿಂದ?" ಅಂದರು. ಏಳೆಂಟು ವಾರದಿಂದ ಎಂದೆ. ಅವರು ಕಡತ ತೆಗೆದು ಹನ್ನೊಂದು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಪ್ರತಿ ವಾರ ಔಷಧಿಯ ಬಾಟಲಿ ನೇತುಹಾಕಿದ ಮೇಲೆ ನರ್ಸು ಕೊಡುತ್ತಿದ್ದಳಲ್ಲ, 'ನಿಮ್ಮ ಬದುಕಿನ ಗುಣಮಟ್ಟ' ಎಂಬ ಹಾಳೆ, ಅವು. ನೋವು ಎಷ್ಟು, ನಿದ್ದೆಗೇಡು ಎಷ್ಟು, ಭಯ ಎಷ್ಟು, ದುಃಖ ಎಷ್ಟು, ಬೆರಳು ಮರಗಟ್ಟುವುದು ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಹನ್ನೊಂದರಲ್ಲೂ ನಿನ್ನ ಮುದ್ದಾದ ಕೈಬರಹ. ಮೂರು, ಮೂರು, ಎರಡು, ಮೂರು. "ಇಲ್ಲಿ ಮೂರು ಅಂತಿದೆಯಲ್ಲಮ್ಮ. ನಿಮ್ಮನ್ನ ನಾನು ಬೇರೆಯವರಿಗೆ ಉದಾಹರಣೆ ಕೊಡ್ತಿದ್ದೆ" ಅಂದರು ಪಾಪ. ಐದು ಮುಟ್ಟಿದ ಹಾಳೆಗೆ ನರ್ಸು ಕೆಂಪು ಚೀಟಿ ಅಂಟಿಸುತ್ತಾಳಂತೆ. ಮರಗಟ್ಟಿಸುತ್ತಿರುವುದು ಆ ಔಷಧಿಯೇ ಅಂತೆ, ಬೆರಳಿಗೆ ಐದು ಬಂದಿದ್ದರೆ ಆಗಲೇ ಅದನ್ನು ತಗ್ಗಿಸುತ್ತಿದ್ದರಂತೆ. ಭಯಕ್ಕೋ ದುಃಖಕ್ಕೋ ಐದು ಬಂದಿದ್ದರೆ ಎರಡನೇ ಮಹಡಿಯಲ್ಲಿ ಮನಸ್ಸಿನ ವಿಷಯ ಕೇಳುವ ಡಾಕ್ಟರಿದ್ದಾರೆ, ಅವರ ಹತ್ತಿರ ಕಳಿಸುತ್ತಿದ್ದರಂತೆ. ನನ್ನ ಹಾಳೆಗೆ ಒಂದು ಸಲವೂ ಕೆಂಪು ಚೀಟಿ ಬಿದ್ದಿಲ್ಲ.

ಆಗ ನನ್ನ ತಲೆ ಕೆಟ್ಟದ್ದು. ನಿನ್ನ ಕಡೆ ತಿರುಗಿ ಕಿರುಚಿದೆ, "ಎರಡು ಸೇರಿಸಲಿಲ್ವಾ ನೀನು? ಇಷ್ಟು ವರ್ಷ ಆದ್ಮೇಲೆ ಅದನ್ನೂ ಹೇಳ್ಕೊಡಬೇಕಾ?" ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ನರ್ಸು ನನ್ನ ಬುದ್ಧಿಗೂ ಔಷಧಿ ಏರಿತೇನೋ ಎಂಬಂತೆ ನೋಡಿದಳು. ನೀನು ಕೈಚೀಲದ ಹಿಡಿಯನ್ನು ಹಿಂಡುತ್ತಾ ಒಂದೇ ಮಾತು ಹೇಳಿದೆ, "ಇದು ಅಂಗಡಿ ಅಲ್ವಲ್ಲೇ."

ಅಂಗಡಿಯ ಆ ಪದ್ಧತಿ ಅಮ್ಮನದು. ನಮಗೆ ಅವಳು ಹೊಲಿಗೆಗಿಂತ ಮೊದಲು ಅದನ್ನೇ ಕಲಿಸಿದಳು. ಯಾರೋ ಒಬ್ಬ ಹೆಂಗಸು ತನ್ನ ಸೊಂಟದ ಅಳತೆಯನ್ನು ಅಂಗಡಿ ತುಂಬ ಜನರೆದುರು ಕೇಳಿ ಅತ್ತುಬಿಟ್ಟಿದ್ದಳಂತೆ. ಅವತ್ತಿನಿಂದ ಸೊಂಟಕ್ಕೆ ಟೇಪು ಹಿಡಿದವಳು ಎರಡಿಂಚು ಕಡಿಮೆ ಕೂಗಬೇಕು, ಪುಸ್ತಕ ಹಿಡಿದವಳು ಎರಡು ಸೇರಿಸಿ ಬರೆದುಕೊಳ್ಳಬೇಕು. ಕೇಳಿದವರಿಗೆ ಸಂತೋಷ, ಬಟ್ಟೆಗೂ ಮೋಸವಿಲ್ಲ. ಅಮ್ಮ ಹೋದ ಮೇಲೆ ಟೇಪು ನನ್ನ ಕೈಗೆ ಬಂತು, ಪುಸ್ತಕ ನಿನ್ನ ಕೈಗೆ. ನಾನು "ಮೂವತ್ತಾರು" ಎಂದರೆ ನೀನು ಕಣ್ಣೆತ್ತದೆ ಮೂವತ್ತೆಂಟು ಬರೆಯುತ್ತಿದ್ದೆ. ಒಂದು ದಿನಕ್ಕೂ ತಪ್ಪಿರಲಿಲ್ಲ.

ತಪ್ಪಿದ್ದು ಒಮ್ಮೆ ಮಾತ್ರ, ನಿನಗೆ ಜ್ವರ ಬಂದು ಭಾವ ಪುಸ್ತಕ ಹಿಡಿದ ದಿನ. ಬಸ್ಸು ಓಡಿಸುವ ಮನುಷ್ಯ, ಕೂಗಿದ್ದನ್ನು ಕೂಗಿದ ಹಾಗೆ ಬರೆದ. ಬ್ಯಾಂಡ್ ತಂಡದ ಎಂಟು ಜನರ ಪ್ಯಾಂಟು, ಎಂಟೂ ಎರಡಿಂಚು ಬಿಗಿ. ಆ ಮದುವೆಯಲ್ಲಿ ಮೂರು ಗಂಟೆ ನಿಂತೇ ಬಾರಿಸಿದರಂತೆ, ಡೋಲಿನವನಂತೂ ಉಸಿರು ಬಿಡಲಿಲ್ಲವಂತೆ. ನೀನು ಜ್ವರದಲ್ಲೂ ಕಂಬಳಿ ಬಾಯಿಗೆ ತುರುಕಿಕೊಂಡು ನಕ್ಕಿದ್ದು ನೆನಪಿದೆಯಾ? ಈಗ ನನಗೂ ಹಾಗೇ ಆಗಿದೆ ನೋಡು, ಹನ್ನೊಂದು ವಾರ ಎರಡಿಂಚು ಬಿಗಿ ಬಟ್ಟೆಯೊಳಗೆ ಉಸಿರು ಬಿಡದೆ ನಿಂತಿದ್ದೇನೆ. ನಗು ಮಾತ್ರ ಬರುತ್ತಿಲ್ಲ.

ಔಷಧಿ ಏರಿಸುವ ಆ ದೊಡ್ಡ ಕೋಣೆಯನ್ನು ನೆನಪಿಸಿಕೋ. ಎದುರುಬದುರು ಆರಾರು ಕುರ್ಚಿ, ಎಲ್ಲರ ಕೈಗೂ ಒಂದೊಂದು ಕೊಳವೆ. ನನ್ನ ಬಲಗೈಗೆ ಸೂಜಿ ಚುಚ್ಚಿರುತ್ತಿತ್ತು, ಹಾಗಾಗಿ ನಾನು ಹೇಳುವುದು, ನೀನು ಬರೆಯುವುದು. ಎದುರು ಕುರ್ಚಿಯಲ್ಲಿ ನಮ್ಮ ಗಿರಾಕಿ, ಗ್ರಂಥಾಲಯದ ಮೇಡಂ. ಮೊದಲ ವಾರವೇ ಅವರು, "ನಿಮ್ಮನ್ನ ನೋಡಿದ್ರೆ ನಂಗೂ ಧೈರ್ಯ ಬರುತ್ತೆ" ಅಂದರು. ಮುಗಿಯಿತಲ್ಲ! ಇನ್ನು ನನ್ನ ಬಾಯಿಂದ ದೊಡ್ಡ ಸಂಖ್ಯೆ ಹೇಗೆ ಹೊರಡಬೇಕು? ಗಿರಾಕಿ ಕಿವಿಗೊಟ್ಟು ಕೂತಿದ್ದಾರೆ, ಪುಸ್ತಕ ನಿನ್ನ ಕೈಯಲ್ಲಿದೆ. "ಮೂರು" ಎಂದು ಕೂಗಿದೆ. ನೀನು ಸೇರಿಸಿಕೊಳ್ಳುತ್ತೀಯ ಎಂದು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ ಅಕ್ಕಾ. ಯೋಚನೆಯನ್ನೂ ಮಾಡಲಿಲ್ಲ. ಉಸಿರಾಡಿದ ಹಾಗೆ ಬಂತು ಆ ಮೂರು.

ಸಾಕಾಗಿಹೋಗಿದೆ ನನಗೆ. ಈ ಧೈರ್ಯದ ವೇಷ ಸಾಕಾಗಿಹೋಗಿದೆ. ಹಣ್ಣಿನ ಬುಟ್ಟಿ ಹಿಡಿದು ಬರುವವರೆಲ್ಲ "ನಗ್ತಾ ಇರಿ, ಅರ್ಧ ಕಾಯಿಲೆ ಓಡಿಹೋಗುತ್ತೆ" ಅನ್ನುತ್ತಾರೆ. ಉಳಿದರ್ಧಕ್ಕೆ ಏನು ಮಾಡಬೇಕೋ ಒಬ್ಬರೂ ಹೇಳುವುದಿಲ್ಲ. ನಕ್ಕೂ ನಕ್ಕೂ ದವಡೆ ನೋಯುತ್ತದೆ. ನಲ್ಲಿ ಜೋರಾಗಿ ಬಿಟ್ಟು ಬಚ್ಚಲಲ್ಲಿ ಅಳುತ್ತೇನೆ, ನೀನು ಕೆಳಗಿನಿಂದ "ನೀರು ಪೋಲಾಗ್ತಿದೆ" ಎಂದು ಕೂಗುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು ಆಗ. ನಿದ್ದೆಯೆಂಬುದು ಬಂದರೆ ಬಂತು. ರೇಷ್ಮೆ ಯಾವುದು ಹತ್ತಿ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆನಲ್ಲ, ಮೊನ್ನೆ ಎರಡರ ತುಂಡನ್ನೂ ಹಾಸಿಗೆಯ ಮೇಲಿಟ್ಟುಕೊಂಡು ಮುಟ್ಟಿ ನೋಡಿದೆ. ಎರಡೂ ಒಂದೇ. ನನ್ನ ಬದುಕಿನ ಗುಣಮಟ್ಟ ಕೇಳಿದರಲ್ಲ, ಅದು ಅಷ್ಟೇ.

ನಿನ್ನ ಇನ್ನೊಂದು ಕಳ್ಳತನವೂ ನನಗೆ ಗೊತ್ತು. ನನ್ನ ಮೈ ಇಳಿದುಹೋಗಿರುವುದು ನನಗೆ ಗೊತ್ತಾಗಬಾರದು ಎಂದು, ನಾನು ಆಸ್ಪತ್ರೆಯಲ್ಲಿ ಉಳಿದ ಎರಡು ದಿನದಲ್ಲಿ ನನ್ನ ನಾಲ್ಕೂ ಸ್ಕರ್ಟಿನ ಸೊಂಟ ಒಳಗೆ ಹಿಡಿದು ಹೊಲಿದಿಟ್ಟಿದ್ದೀಯ. ಅಯ್ಯೋ ಅಕ್ಕಾ, ಯಾರ ಕಣ್ಣಿಗೆ ಮಣ್ಣೆರಚುತ್ತೀಯ? ಪುಸ್ತಕ ಹಿಡಿದವಳು ನೀನು, ನಿನ್ನ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅತ್ತ ಇತ್ತ ಹೋಗುತ್ತದೆ. ಹಾಕಿಕೊಂಡ ಮೊದಲ ದಿನವೇ ನೋಡಿದೆ. ನೋಡಿಯೂ, "ನೋಡು, ನಾನೇನೂ ಇಳಿದಿಲ್ಲ, ಸ್ಕರ್ಟು ಸರಿಯಾಗೇ ಕೂರ್ತಿದೆ" ಎಂದು ನಿನ್ನೆದುರು ಒಂದು ಸುತ್ತು ತಿರುಗಿದೆ. ನೀನೂ "ಹೂಂ ಮತ್ತೆ" ಅಂದೆ. ಒಳಗೆ ಹೋಗಿ ಇಬ್ಬರೂ ಏನು ಮಾಡಿದೆವೋ ಇಬ್ಬರಿಗೂ ಗೊತ್ತು.

ಆ ಮಂಗಳವಾರ ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಎರಡು ನಿಲ್ದಾಣ ಕಳೆದ ಮೇಲೆ ನೀನು ಹೇಳಿದೆ, "ಅಂಗಡಿಲಿ ನೀನು ಏನೇ ಕೂಗು, ಟೇಪು ನನ್ನ ಕಣ್ಣಿಗೆ ಕಾಣ್ತಿತ್ತು. ನಿನ್ನೊಳಗಿರೋ ಟೇಪು ನಂಗೆ ಹೇಗೆ ಕಾಣ್ಬೇಕು? ನೀನು ಮೂರು ಅಂದೆ. ನಂಗೂ ಮೂರೇ ಬೇಕಾಗಿತ್ತು." ಒಂಬತ್ತು ದಿನದಿಂದ ಆ ಮಾತನ್ನೇ ಅಗಿಯುತ್ತಿದ್ದೇನೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಈಗ ನಾನು ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ಕೈ ಕೊಡವಿಕೊಂಡು ಬಂದೆ, ತಾಳು. ನೀನು ಎರಡು ಸೇರಿಸಿದ್ದರೂ ಅದು ಐದು ಆಗುತ್ತಿತ್ತು, ಅಷ್ಟೇ. ನನ್ನ ಬೆರಳಲ್ಲಿದ್ದದ್ದು ಎಂಟು. ಎಂಟು ಎಂದು ನಾನು ನನಗೂ ಹೇಳಿಕೊಂಡಿರಲಿಲ್ಲ. ಬೆರಳಲ್ಲಿ ಎಂಟು, ಮನಸ್ಸಿನಲ್ಲಿ ಐದು, ಬಾಯಲ್ಲಿ ಮೂರು. ನಿನಗೆ ಹೇಳುವ ಮೊದಲೇ ಎಂಟರಿಂದ ಐದಕ್ಕೆ ನಾನು ಕತ್ತರಿಸಿ ಎಸೆದ ಆ ಇನ್ನೊಂದು ಮೂರನ್ನು ನೀನು ಎಲ್ಲಿಂದ ತಂದು ಸೇರಿಸಬೇಕಿತ್ತು? ನಿನ್ನ ಮೇಲೆ ಕಿರುಚಿದ್ದು ಅರ್ಧ ಅದಕ್ಕೇ. ಅಂಗಡಿಯ ಪದ್ಧತಿಯೆಲ್ಲ ನಿನ್ನ ತಲೆಗೆ ಕಟ್ಟಿದರೆ ನನ್ನ ಸುಳ್ಳು ಯಾರಿಗೂ ಕಾಣುವುದಿಲ್ಲ ಎಂದು. ಏಳು ವಾರವೂ ಹಾಳೆ ಬಂದಾಗ ಒಮ್ಮೆಯೂ "ಎಂಟು" ಎನ್ನುವ ಧೈರ್ಯವಿಲ್ಲದ ನಾನು ಆ ಕೋಣೆಗೆಲ್ಲ ಧೈರ್ಯಗಾತಿ!

ಗ್ರಂಥಾಲಯದ ಮೇಡಂ ಎಂಟನೇ ವಾರದಿಂದ ಬರಲಿಲ್ಲವಲ್ಲ. ಬೇರೆ ದಿನಕ್ಕೆ ಬದಲಾಯಿಸಿಕೊಂಡಿರಬೇಕು ಎಂದು ನೀನು ಹೇಳಿದ್ದೆ. ಅಲ್ಲ. ನರ್ಸನ್ನು ಕೇಳಿದೆ. ಅವರಾಗಿಯೇ ಔಷಧಿ ನಿಲ್ಲಿಸಿಬಿಟ್ಟರಂತೆ, ಫೋನು ಮಾಡಿದರೆ ಎತ್ತುವುದೂ ಇಲ್ಲವಂತೆ. ಅವರೂ ಪ್ರತಿ ವಾರ ನಗುತ್ತಾ ಎರಡು, ಮೂರು ಎಂದೇ ಹೇಳುತ್ತಿದ್ದರು, ನಾವಿಬ್ಬರೂ ಕೇಳಿಸಿಕೊಂಡಿದ್ದೇವೆ. ನನ್ನಿಂದ ಅವರಿಗೆ ಬಂದ ಧೈರ್ಯ ಎಂಥದ್ದು ಎಂದು ಈಗ ಗೊತ್ತಾಯಿತು. ನಾನು ಮೂರು ಎಂದೆ, ಅವರು ಹೇಗೆ ಎಂಟು ಎನ್ನುತ್ತಾರೆ? ನಿನ್ನೆ ನಾನೂ ಅವರ ಹಾಗೆಯೇ ಮಾಡುವುದು ಎಂದುಕೊಂಡೆ. ಯಾರಿಗೂ ಹೇಳದೆ, ನಾಳೆ ಹತ್ತು ಗಂಟೆಗೆ ಇಲ್ಲೇ ಬಾಗಿಲು ಹಾಕಿಕೊಂಡು ಮಲಗಿಬಿಡುವುದು. ಸೂಜಿ ಹಿಡಿಯಲಾಗದವಳು ಬದುಕಿ ಯಾರ ಗುಂಡಿ ಹಾಕಬೇಕಾಗಿದೆ? ಇದನ್ನು ಬರೆಯುವಾಗ ಅಳು ಬರುತ್ತಿದೆ. ನಲ್ಲಿ ಬಿಟ್ಟಿಲ್ಲ, ಕೇಳಿಸಿದರೆ ಕೇಳಿಸಲಿ.

ನನ್ನ ಮನಸ್ಸು ಬದಲಾದದ್ದು ಇವತ್ತು ಬೆಳಿಗ್ಗೆ, ಆ ಹಾಳೆಗಳಿಂದಲೇ. ಆ ಹನ್ನೊಂದನ್ನೂ ಡಾಕ್ಟರು ನನ್ನ ಕೈಗೇ ಕೊಟ್ಟಿದ್ದರು, ಮನೆಯಲ್ಲಿ ಕೂತು ನಿಜವಾದ ಸಂಖ್ಯೆ ಬರೆದು ತನ್ನಿ ಎಂದು. ಸಿಟ್ಟಿನಲ್ಲಿ ದಿಂಬಿನ ಕೆಳಗೆ ತುರುಕಿದ್ದೆ. ನಿನ್ನೆಯ ತೀರ್ಮಾನದ ಮೇಲೆ ಇವು ಯಾಕೆ ಬೇಕು ಎಂದು ಹರಿಯಲು ತೆಗೆದೆ. ನನ್ನ ಬೆರಳಿಗೆ ಹರಿಯಲೂ ಆಗಲಿಲ್ಲ, ಕಾಗದ ಜಾರಿ ನೆಲದ ಮೇಲೆ ಮಗುಚಿ ಬಿತ್ತು. ಆಗ ಹಿಂಬದಿ ಕಾಣಿಸಿತು. ಹಿಂದೆಯೂ ಪ್ರಶ್ನೆಗಳಿವೆ, ನನಗೆ ಗೊತ್ತೇ ಇರಲಿಲ್ಲ. 'ರೋಗಿಯ ಜೊತೆ ಬರುವವರಿಗೆ' ಎಂದು ನಾಲ್ಕು ಪ್ರಶ್ನೆ. ನಾಲ್ಕಕ್ಕೂ ನೀನು ಒಂದೊಂದು ಅಡ್ಡಗೆರೆ ಎಳೆದಿದ್ದೀಯ, ಬೇಡದ ಅಳತೆಗೆ ಪುಸ್ತಕದಲ್ಲಿ ಎಳೆಯುತ್ತೀಯಲ್ಲ, ಹಾಗೆ. ಹತ್ತು ಹಾಳೆಯಲ್ಲಿ ಬರೀ ಗೆರೆ.

ಆರನೇ ವಾರದ ಹಾಳೆಯಲ್ಲಿ ಮಾತ್ರ, 'ಕಳೆದ ವಾರ ನಿಮಗೆ ಎಷ್ಟು ಭಯವಾಗಿತ್ತು' ಎಂಬುದರ ಎದುರು ಏನೋ ಬರೆದು, ಅದರ ಮೇಲೆ ಹತ್ತು ಸಲ ಗೀಚಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು.

ಆರನೇ ವಾರ ನಾನು ನಿನಗೆ ಬ್ಯಾಂಡ್ ತಂಡದ ಕತೆ ಹೇಳಿ ಇಡೀ ಕೋಣೆಯನ್ನು ನಗಿಸಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ತೊಡೆಯ ಮೇಲೆ ಈ ಹಾಳೆ ಇಟ್ಟುಕೊಂಡೇ ನಕ್ಕೆಯಲ್ಲ? ನನ್ನ ಮೂರನ್ನು ನೀನು ನಂಬಿರಲಿಲ್ಲ. ನಂಬಿದ್ದವಳಿಗೆ ಒಂಬತ್ತು ಎಲ್ಲಿಂದ ಬರಬೇಕು? ನಂಬದೆಯೂ, ಮೂರೇ ಬೇಕು ಎಂದು ಅದನ್ನೇ ಬರೆಯುತ್ತಾ ಹೋದೆ. ನನಗೆ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೆ ಇನ್ನೇನೋ ಬಂದು ಕೂತಿದೆ, ಅದರಿಂದಾಗಿ ಸಿಟ್ಟಿಗೆ ಕಾಲು ಚಾಚಲು ಜಾಗವಿಲ್ಲ. ಆಮೇಲೆ ಮಧ್ಯಾಹ್ನ ಬಾಗಿಲು ತೆಗೆದಾಗ ತಟ್ಟೆ ಎಂಟನೇ ಮೆಟ್ಟಿಲ ಮೇಲಿತ್ತು. ಗಮನಿಸಿದೆ ಎಂದು ತಿಳಿಸಲಷ್ಟೇ ಬರೆದೆ.

ಹಾಗಾಗಿ ನಾಳೆ ಹೋಗುತ್ತೇನೆ. ಔಷಧಿ ತಗ್ಗಿಸುತ್ತಾರೋ ಬದಲಾಯಿಸುತ್ತಾರೋ ನೋಡೋಣ. ಬೆರಳಿಗೆ ಸ್ಪರ್ಶ ತಿರುಗಿ ಬರಲು ತಿಂಗಳುಗಳೇ ಬೇಕು, ಪೂರ್ತಿ ಬರದೆಯೂ ಇರಬಹುದು ಎಂದಿದ್ದಾರೆ. ಬರದಿದ್ದರೆ ಪುಸ್ತಕ ನಾನು ಹಿಡಿಯುತ್ತೇನೆ, ಹೊಲಿಗೆ ನೀನು ಕಲಿ, ಊರಿನವರೆಲ್ಲ ಕುಡುಕ ಹೊಲಿಗೆಯ ಬಟ್ಟೆ ಹಾಕಿಕೊಂಡು ತಿರುಗಲಿ. ನನ್ನ ಹನ್ನೊಂದು ವಾರದ ನಿಜವಾದ ಸಂಖ್ಯೆ ಬರೆದು ಮುಗಿಸಿದ್ದೇನೆ. ದುಃಖಕ್ಕೆ ಎರಡು ಸಲ ಹತ್ತು ಬಂದಿದೆ. ನೋಡಿ ಗಾಬರಿಯಾಗಬೇಡ, ಗಾಬರಿಯಾದರೆ ಆಗು. ಎರಡನೇ ಮಹಡಿಯ ಡಾಕ್ಟರ ಹತ್ತಿರವೂ ಹೋಗುತ್ತೇನೆ. ದಾರಿಯಲ್ಲಿ ಗ್ರಂಥಾಲಯದ ಮೇಡಂ ಮನೆಯ ಬಾಗಿಲನ್ನು ಒಮ್ಮೆ ತಟ್ಟಬೇಕು. ಅವರಿಗೆ ನನ್ನ ಎಂಟನ್ನು ಹೇಳುವುದಿದೆ.

ನೀನೂ ಬಾ. ನನಗೆ ನೀನು ಬೇಕು. ಹೀಗೆ ಬಿಡಿಸಿ ಹೇಳಿ ನನಗೆ ಅಭ್ಯಾಸವಿಲ್ಲ, ಓದಿ ನಿನಗೂ ಮುಜುಗರವಾಗುತ್ತದೆ, ಇರಲಿ. ಆದರೆ ಒಂದು ಷರತ್ತು. ಅಳತೆ ಪುಸ್ತಕಗಳನ್ನು ಹಿಂದಿನಿಂದ ಮುಂದಕ್ಕೆ ನೆನಪಿಸಿಕೊಂಡು ನೋಡಿದೆ. ಊರಿನವರ ಅಳತೆಯೆಲ್ಲ ಇದೆ, ಹನ್ನೆರಡು ವರ್ಷದವಳಿದ್ದಾಗಿನ ನನ್ನ ಅಳತೆಯೂ ಇದೆ, ಭಾವನದೂ ಇದೆ. ನಿನ್ನದು ಎಲ್ಲೂ ಇಲ್ಲ. ಬರೆಯುವವಳ ಅಳತೆಯನ್ನು ಯಾರೂ ಬರೆದುಕೊಂಡಿಲ್ಲ. ನಾಳೆ ಹಾಳೆಯ ಹಿಂಬದಿ ನನ್ನ ಕೈಯಲ್ಲಿರುತ್ತದೆ. ಅಡ್ಡಗೆರೆ ಎಳೆಯಲು ಬಿಡುವುದಿಲ್ಲ. ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ, ಸೊಟ್ಟಗಾದರೂ ಸರಿ. ನೀನು ಎಷ್ಟೆಂದರೂ ಎರಡು ಸೇರಿಸಿಯೇ ಬರೆಯುತ್ತೇನೆ. ಹತ್ತರಾಚೆ ಹೋದರೆ ಅವರ ಹಾಳೆಯಲ್ಲಿ ಜಾಗವಿಲ್ಲ, ಅಂಚಿನಲ್ಲಿ ಬರೆಯುತ್ತೇನೆ.

ಈ ಪತ್ರವನ್ನು ತಟ್ಟೆಯ ಮೇಲಿಟ್ಟು ಎಂಟನೇ ಮೆಟ್ಟಿಲಲ್ಲಿ ಇಡುತ್ತೇನೆ. ಕೆಮ್ಮುತ್ತೇನೆ. ಚಿಕ್ಕವಳು ಹರಸುವುದುಂಟೇ ಎಂದು ರಾಗ ಎಳೆಯಬೇಡ, ಹರಸುತ್ತೇನೆ: ಇವತ್ತಾದರೂ ನಿನ್ನ ಕಣ್ಣಿಗೆ ನೆಮ್ಮದಿಯ ನಿದ್ದೆ ಹತ್ತಲಿ, ಯಾರದ್ದೂ ಸೊಂಟ, ಯಾರದ್ದೂ ಸಂಖ್ಯೆ ಅದರೊಳಗೆ ಬರದಿರಲಿ.

ನಾಳೆ ಒಂಬತ್ತೂವರೆಗೆ ಮೇಲೆ ಬಾ. ಅಂಗಿಯ ಗುಂಡಿ ಹಾಕಬೇಕು, ಆರೂ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ತಂಗಿ